ನೀಲಿ ಬಣ್ಣದ ಮೂರು ಹೊಂಡ

ಮೇಲಿಂದ ನೋಡಿದರೆ ಆ ಮರಳುಗಲ್ಲಿನ ಸೀಮೆ ಬಲು ಚಂದ. ಸಾವಿರಾರು ಕೆಂಪು ಗುಡ್ಡಗಳು, ತಟ್ಟೆಯಲ್ಲಿ ಒತ್ತೊತ್ತಾಗಿ ಜೋಡಿಸಿಟ್ಟ ಬನ್ನಿನ ಹಾಗೆ. ಬೆಂಕಿ ಬೀಳಲಿ ಆ ಚಂದಕ್ಕೆ! ಅದರ ನಡುವೆ ಎಲ್ಲೋ, ಜೀಪಿನಲ್ಲಿ ಹೋದ ನನ್ನ ತಮ್ಮ ಎರಡು ದಿನದಿಂದ ನಾಪತ್ತೆಯಾಗಿದ್ದ. ಅವನನ್ನು ಹುಡುಕಲು ನಾನು ಪುಟ್ಟ ವಿಮಾನದಲ್ಲಿ ಹೊರಟಿದ್ದೆ.

ನಮ್ಮಿಬ್ಬರಿಗೂ ನಕಾಶೆ ಕಚೇರಿಯಲ್ಲೇ ಕೆಲಸ. ವಿಮಾನದಿಂದ ತೆಗೆದ ಫೋಟೊಗಳನ್ನು ಮೇಜಿನ ಮೇಲೆ ಹರಡಿಕೊಂಡು ನಾನು ನಕಾಶೆ ಬರೆಯುತ್ತೇನೆ. ಅದು ಸರಿಯೋ ತಪ್ಪೋ ಎಂದು ಅವನು ನಡೆದು ನೋಡಿ ಬರುತ್ತಾನೆ. "ನೀನು ಫ್ಯಾನ್ ಕೆಳಗೆ ಕೂತು ಗೆರೆ ಎಳೀತೀಯ ಅಕ್ಕ, ಸವೆಯೋದು ಮಾತ್ರ ನನ್ನ ಬೂಟು" ಎಂದು ರೇಗಿಸುತ್ತಿದ್ದ.

"ಅಗೋ, ಜೀಪು!" ಎಂದರು ಪೈಲಟ್.

ಚಕ್ರಗಳು ಮರಳಲ್ಲಿ ಹೂತಿದ್ದವು, ಬಾಗಿಲು ತೆರೆದೇ ಇತ್ತು. ಸುತ್ತ ಯಾರೂ ಇಲ್ಲ. ತಂದ ನೀರು ಮುಗಿದು, ಅವನು ನನ್ನ ನಕಾಶೆ ಹಿಡಿದು ನೀರು ಹುಡುಕಲು ಹೊರಟಿರಬೇಕು. ಅದರಲ್ಲಿ ನಾನು ಮೂರು ಹೊಂಡಗಳಿಗೆ ನೀಲಿ ಬಣ್ಣ ತುಂಬಿದ್ದೆ.

ಮೊದಲನೆಯದರ ಮೇಲೆ ಸುತ್ತು ಹಾಕಿದೆವು. ಸೂರ್ಯ ನೆತ್ತಿಯ ಮೇಲಿದ್ದ. ಕೆಳಗೆ ಬರೀ ಒಣ ಬಂಡೆ. ಫೋಟೊದಲ್ಲಿ ನೀರೂ ಕಪ್ಪು, ನೆರಳೂ ಕಪ್ಪು. ಈ ಫೋಟೊ ತೆಗೆದದ್ದು ಬೆಳಿಗ್ಗೆ ಏಳಕ್ಕೆ, ಗುಡ್ಡಗಳ ನೆರಳು ಉದ್ದುದ್ದ ಬಿದ್ದಿರುವಾಗ. ಫೋಟೊದ ಸಮಯ ನೋಡದೆ ಬಣ್ಣ ತುಂಬಬಾರದು ಎಂದು ನಮಗೆ ಮೊದಲ ದಿನವೇ ಹೇಳಿಕೊಡುತ್ತಾರೆ. ನಾನು ನೋಡಿರಲಿಲ್ಲ, ನೆರಳಿಗೇ ನೀಲಿ ತುಂಬಿದ್ದೆ. ತಪ್ಪಿದ್ದರೆ ಹೇಳಲು ತಮ್ಮ ಹೇಗೂ ಇದ್ದಾನಲ್ಲ ಎಂದುಕೊಂಡಿದ್ದೆ. ನನ್ನ ಸೋಮಾರಿತನಕ್ಕಿಷ್ಟು!

"ಇಳಿಸಿ ಸರ್. ಸಂದಿಯೊಳಗಿದ್ರೆ ಮೇಲಿಂದ ಕಾಣಲ್ಲ."

"ಇಲ್ಲೆಲ್ಲಮ್ಮಾ ಇಳಿಸೋದು?"

"ಎಲ್ಲಾದ್ರೂ ಇಳಿಸಿ. ನಿಮ್ಮ ಕಾಲಿಗೆ ಬೀಳ್ತೀನಿ."

ಗುಡ್ಡಗಳಾಚೆಯ ಬಯಲಿನಲ್ಲಿ ಇಳಿಸಿದರು. ನೀರಿನ ಬಾಟಲಿಗಳನ್ನು ಹೊತ್ತು ಇಬ್ಬರೂ ನಡೆದೆವು. ಮೇಲಿಂದ ಬನ್ನಿನಂತಿದ್ದವು ಕೆಳಗೆ ಮೂರು ಮಹಡಿ ಎತ್ತರದ ಗೋಡೆಗಳು. ಒಂದು ಸಂದಿಯಲ್ಲಿ ನುಗ್ಗಿದರೆ ಇನ್ನೊಂದು ಸಂದಿ. ಕೈಯೂರಿದಲ್ಲೆಲ್ಲ ಕಲ್ಲು ಪುಡಿಯಾಗಿ ಉದುರುತ್ತಿತ್ತು. "ಪುಟ್ಟಾ" ಎಂದು ಗಂಟಲು ಹರಿಯುವಂತೆ ಕೂಗಿದೆ. ನನ್ನ ಕೂಗೇ ನನಗೆ ವಾಪಸು ಬಂತು.

ಎರಡನೆಯ ಹೊಂಡದ ಜಾಗದಲ್ಲಿ ಖಾಲಿ ಬಾಟಲಿ ನೆಟ್ಟಗೆ ನಿಂತಿತ್ತು. ಅದರಡಿಯಲ್ಲಿ ಚೀಟಿ, ಸೊಟ್ಟಂಬಟ್ಟ ಅಕ್ಷರ: "ಇಲ್ಲೂ ನೀರಿಲ್ಲ. ಮೂರನೆಯದಕ್ಕೆ ಹೋಗ್ತಿದ್ದೀನಿ. ಅಕ್ಕ ಬರೆದಿದ್ದಾಳೆ ಅಂದ್ಮೇಲೆ ಇದ್ದೇ ಇರುತ್ತೆ."

ಚೀಟಿ ಹಿಡಿದು ಅಲ್ಲೇ ಕೂತು ಅತ್ತೆ. ಪೈಲಟ್ ತೋಳು ಹಿಡಿದು ಎಬ್ಬಿಸಿದರು. "ಅಳೋದಿದ್ರೆ ಆಮೇಲೆ ಅಳಿ, ಈಗ ನಡೀರಿ" ಎಂದರು.

ಮೂರನೆಯ ಜಾಗವೂ ಒಣಗಿತ್ತು. ಅಲ್ಲಿ ಮರಳಿನಲ್ಲಿ ತೆವಳಿದ ಗುರುತು ಇತ್ತು. ಅದನ್ನೇ ಹಿಡಿದು ಗುಡ್ಡ ಬಳಸಿದೆವು. ಇನ್ನೊಂದು ಮಗ್ಗುಲ ನೆರಳಿನಲ್ಲಿ ಅವನು ಬಿದ್ದಿದ್ದ. ತುಟಿಯೆಲ್ಲ ಒಡೆದಿತ್ತು. ನಕಾಶೆಯನ್ನು ಮಾತ್ರ ಮಡಚಿ ಜೋಪಾನವಾಗಿ ಅಂಗಿಯೊಳಗೆ ಇಟ್ಟುಕೊಂಡಿದ್ದ.

ಅವನ ತಲೆಯನ್ನು ತೊಡೆಯ ಮೇಲೆಳೆದುಕೊಂಡೆ. ಮೆಲ್ಲಗೆ ಒಂದು ಕಣ್ಣು ತೆರೆದ.

"ಅಕ್ಕಾ," ಅಂದ, "ನಾಲ್ಕನೇದು ಎಲ್ಲಿ ಬರೆದಿದ್ದೀಯಾ?"

"ಇಲ್ಲೇ ಕಣೋ" ಎಂದು ನೀರಿನ ಬಾಟಲಿ ತೋರಿಸಿದೆ. ಪೈಲಟ್ ಮುಚ್ಚಳ ತೆಗೆದುಕೊಟ್ಟರು, ನಾನು ಅವನ ತುಟಿಗೆ ಹಿಡಿದೆ.