ಮೂಟೆ ಬೇಡದ ಹಡಗು

ಹಾಸನದಲ್ಲಿ ಕಾಫಿ ಬೀಜ ಹಸನು ಮಾಡುವ ಕ್ಯೂರಿಂಗ್ ಕಾರ್ಖಾನೆಯಲ್ಲಿ ಲಕ್ಕಮ್ಮ ಗೋಣಿಚೀಲದ ಬಾಯಿ ಹೊಲಿಯುತ್ತಿದ್ದಳು. ಅವಳ ಗಂಡ ದೊಡ್ಡಯ್ಯ ಆ ಮೂಟೆಗಳನ್ನು ಬೆನ್ನ ಮೇಲೆ ಹೊತ್ತು ಲಾರಿಗೆ ತುಂಬುತ್ತಿದ್ದ. ಲಾರಿ ಮಂಗಳೂರಿಗೆ ಹೋಗುತ್ತಿತ್ತು, ಅಲ್ಲಿ ಮೂಟೆಗಳು ಹಡಗು ಹತ್ತುತ್ತಿದ್ದವು. ಸಮುದ್ರವನ್ನೇ ಕಾಣದ ದೊಡ್ಡಯ್ಯ, "ನಾವು ಎತ್ತದಿದ್ರೆ ಹಡಗು ಖಾಲಿ ಓಗ್ಬೇಕು ಕಣ್ಲಾ" ಎಂದು ಜೊತೆಯವರನ್ನು ನಗಿಸುತ್ತಿದ್ದ.

ತೊಂಬತ್ತೆಂಟರಲ್ಲಿ ಮೊದಲ ಕಂಟೇನರ್ ಬಂತು. ಅವರ ಮನೆಗಿಂತ ದೊಡ್ಡದಾದ ಕಬ್ಬಿಣದ ಪೆಟ್ಟಿಗೆ. ಮ್ಯಾನೇಜರ್ ಆತ್ರೇಯ ಅದಕ್ಕೆ ಕುಂಕುಮ ಹಚ್ಚಿಸಿ, ಹಿರಿಯ ಹಮಾಲಿಯೆಂದು ದೊಡ್ಡಯ್ಯನ ಕೈಯಲ್ಲೇ ಕಾಯಿ ಒಡೆಸಿದರು. ಆಮೇಲೆ ಪೆಟ್ಟಿಗೆಯೊಳಗೆ ಭಾರಿ ಪ್ಲಾಸ್ಟಿಕ್ ಚೀಲವೊಂದನ್ನು ಹರಡಿ, ಮೆಷಿನ್ನಿನ ಕೊಳವೆಯಿಂದ ಬೀಜವನ್ನು ನೇರ ಅದರೊಳಕ್ಕೆ ಸುರಿದರು. ಲಕ್ಕಮ್ಮ ದಬ್ಬಳಕ್ಕೆ ದಾರ ಪೋಣಿಸಿಕೊಂಡು ಕಾದಳು. ಊಟದ ಹೊತ್ತಿಗೆ ಪೆಟ್ಟಿಗೆ ತುಂಬಿ, ಬಾಗಿಲಿಗೆ ಸೀಲ್ ಬಿದ್ದು, ಹೊರಟೇ ಹೋಯಿತು. ಅವಳನ್ನು ಯಾರೂ ಕರೆಯಲಿಲ್ಲ.

"ಸಾ, ನಾಳೆ ಚೀಲ ಬತ್ತಾವಾ?"

ಆತ್ರೇಯ ಅವಳ ಮುಖ ನೋಡಲಾರದೆ ಹೇಳಿದರು: "ಫಾರಿನ್ನೋರು ಇನ್ಮೇಲೆ ಹೀಗೇ ಕಳಿಸಿ ಅಂತಿದಾರಮ್ಮ."

ವರ್ಷದೊಳಗೆ ಹಮಾಲಿಗಳ ಕೆಲಸ ಹೋಯಿತು. ಲಕ್ಕಮ್ಮನಿಗೆ ಅಲ್ಲೇ ಕಸ ಗುಡಿಸುವ ಕೆಲಸ ಕೊಟ್ಟರು. "ಬಂದರಲ್ಲಿ ಆಳು ಬೇಕೇ ಬೇಕು, ನೋಡ್ಕೊಂಡ್ ಬತ್ತೀನಿ" ಎಂದು ದೊಡ್ಡಯ್ಯ ಮಂಗಳೂರಿನ ಬಸ್ಸು ಹತ್ತಿದ. ಕೂಲಿ ಸಿಕ್ಕರೆ ಇಬ್ಬರೂ ಅಲ್ಲಿಗೇ ಹೋಗುವುದೆಂದು ಮಾತಾಗಿತ್ತು. ಲಕ್ಕಮ್ಮ ಪಾತ್ರೆಗಳನ್ನೆಲ್ಲ ಕಟ್ಟಿಟ್ಟಳು.

ವಾರ ತುಂಬುವ ಮೊದಲೇ ಅವನು ತಿರುಗಿ ಬಂದು ಹೊಸ್ತಿಲ ಮೇಲೆ ಕೂತ.

"ಅಲ್ಲೂ ಮೂಟೆ ಇಲ್ಲ ಕಣೆ. ಕ್ರೇನು ಪೆಟ್ಟಿಗೇನ ಅಂಗೇ ಎತ್ತಿ ಹಡಗಿಗೆ ಇಡ್ತದೆ. ನಮ್ಮಂಥೋರು ಬೇಕಾದಷ್ಟು ಜನ ಗೇಟ್ ಮುಂದೆ ಕುಂತವ್ರೆ."

"ಸಮುದ್ರನಾದ್ರೂ ನೋಡ್ದಾ?"

"ನೋಡೋ ಮನಸ್ಸಾಗ್ಲಿಲ್ಲ."

ಲಕ್ಕಮ್ಮ ಗಂಟು ಬಿಚ್ಚಿ ತಟ್ಟೆ ತೆಗೆದು ಮುದ್ದೆ ಇಟ್ಟಳು.

ಅಂದಿನಿಂದ ದೊಡ್ಡಯ್ಯ ದಿನಾ ಕ್ಯೂರಿಂಗ್ ಗೇಟಿನ ಹೊರಗೆ ಬಂದು ನಿಲ್ಲತೊಡಗಿದ. ಕಂಟೇನರ್ ಹೊರಬಂದಾಗ ಡ್ರೈವರ್ ಹಾರನ್ ಹೊಡೆಯುತ್ತಿದ್ದ. ಇವನು ಪಕ್ಕಕ್ಕೆ ಸರಿಯುತ್ತಿದ್ದ. ಪೊರಕೆ ಹಿಡಿದು ಒಳಗೆ ನಿಂತ ಲಕ್ಕಮ್ಮನಿಗೆ ಅದನ್ನು ನೋಡಲಾಗಲಿಲ್ಲ. ಕೆಲಸ ಬಿಟ್ಟು, ಗಂಡನನ್ನು ಕರೆದುಕೊಂಡು ತವರು ಕೊರವಂಗಲಕ್ಕೆ ಹೋದಳು.

ಅಣ್ಣನ ಹೊಲದಲ್ಲಿ ಆಲೂಗೆಡ್ಡೆ ಬಿತ್ತನೆ ನಡೆದಿತ್ತು. ದೊಡ್ಡಯ್ಯ ಹೆಂಗಸರ ಸಾಲಿನಲ್ಲಿ ಕೂತು ಬಿತ್ತನೆ ಗೆಡ್ಡೆ ಹೋಳು ಮಾಡತೊಡಗಿದ.

"ಭಾವ, ನೀವ್ಯಾಕೆ? ನೆರಳಲ್ಲಿ ಸುಮ್ನೆ ಕುಂತ್ಕಳಿ" ಎಂದ ಅಣ್ಣ.

"ಕುಂತು ಕುಂತು ಸಾಕಾಗದೆ ಕಣಪ್ಪ" ಎಂದ ದೊಡ್ಡಯ್ಯ, ತಲೆ ಎತ್ತದೆ.

ಲಕ್ಕಮ್ಮ ಹೋಳುಗಳನ್ನು ಬುಟ್ಟಿಗೆ ತುಂಬಿಕೊಂಡು, ಕಣ್ಣು ಒರೆಸಿಕೊಳ್ಳುತ್ತಾ ನೇಗಿಲ ಸಾಲಿನತ್ತ ನಡೆದಳು.