ರಾಶಿಭವಿಷ್ಯಕ್ಕೊಂದು ಪರೀಕ್ಷೆ

ಅಂಗಡಿಗಳಲ್ಲಿ ತೂಕದ ಯಂತ್ರ ಸರಿಯಾಗಿದೆಯೇ ಎಂದು ಪರೀಕ್ಷಿಸುವುದು ತಕ್ಕಡಿ ಮಾಮನ ಕೆಲಸ. ತೂಗಿ ನೋಡದೆ ಯಾವುದನ್ನೂ ನಂಬುವ ಜಾಯಮಾನ ಅವರದಲ್ಲ. ಅಂಥವರ ಹೆಂಡತಿ ದಿನಾ ಬೆಳಿಗ್ಗೆ ಪತ್ರಿಕೆಯ ರಾಶಿಭವಿಷ್ಯ ಓದಿಕೊಂಡೇ ಡ್ರೈಕ್ಲೀನಿಂಗ್ ಅಂಗಡಿಯ ಕೌಂಟರಿಗೆ ಹೊರಡುವುದು. ಮಾಮನಿಗೆ ಮೈಯೆಲ್ಲ ಉರಿ.

"ಬರೀ ಬೊಗಳೆ ಕಣೆ ಇದು."

"ನನಗಂತೂ ಸರಿಯಾಗೇ ಹೇಳುತ್ತಪ್ಪ. ಬೇಕಾದ್ರೆ ಪರೀಕ್ಷೆ ಮಾಡಿ."

ಕೇಳಬೇಕೆ! ಮಾಮ ಕತ್ತರಿ ಹಿಡಿದೇಬಿಟ್ಟರು. ಬೆಳಿಗ್ಗೆ ಆಕೆ ನೋಡುವ ಮೊದಲೇ ಹನ್ನೆರಡು ರಾಶಿಗಳ ಭವಿಷ್ಯವನ್ನೂ ಕತ್ತರಿಸಿ, ರಾಶಿಯ ಹೆಸರನ್ನು ಹಿಂಬದಿಗೆ ಬರೆದು ಡಬ್ಬಿಗೆ ಹಾಕುವುದು. ಸಂಜೆ ಆಕೆ ದಿನವೆಲ್ಲ ನಡೆದದ್ದನ್ನು ಹೇಳಿ, ಅದಕ್ಕೆ ಹೊಂದುವ ಚೀಟಿಯನ್ನು ಆರಿಸುವುದು. ತಿಂಗಳು ಕಳೆದ ಮೇಲೆ ಸೋತರೆ ಆಕೆ ಆ ಪುಟ ಓದುವುದನ್ನು ಬಿಡಬೇಕು. ಗೆದ್ದರೆ ಮಾಮನೇ ದಿನಾ ಅದನ್ನು ಗಟ್ಟಿಯಾಗಿ ಓದಿ ಹೇಳಬೇಕು. ತಮ್ಮ ಮುಖ ನೋಡಿ ಆಕೆ ಉತ್ತರ ಊಹಿಸಬಾರದೆಂದು ಮಾಮ ಗೋಡೆಯ ಕಡೆ ತಿರುಗಿ ಕೂರುತ್ತಿದ್ದರು. ವಿಜ್ಞಾನವೆಂದರೆ ಸುಮ್ಮನೆಯೇ?

ಅಲ್ಲಿಯವರೆಗೆ ಆ ಮನೆಯಲ್ಲಿ ಸಂಜೆಯ ಮಾತೆಂದರೆ "ಊಟಕ್ಕೆ ಬನ್ನಿ", "ಲೈಟ್ ಆರಿಸು", ಅಷ್ಟೇ. ಪರೀಕ್ಷೆ ಶುರುವಾದ ಮೇಲೆ ಸಂಜೆಯೆಲ್ಲ ಆಕೆಯದೇ ಮಾತು. ಆಕೆಯೋ, ಬಾಯಿ ಬಿಟ್ಟರೆ ಅಂಗಡಿಯನ್ನೇ ಕಣ್ಣಮುಂದೆ ತರುವವಳು. ಕಟ್ಟಿಸಿದ ಹಲ್ಲನ್ನು ಒಗೆಯಲು ಕೊಟ್ಟ ಪ್ಯಾಂಟಿನ ಜೇಬಿನಲ್ಲೇ ಮರೆತು, ಫೋನಿನಲ್ಲಿ ಬೊಚ್ಚುಬಾಯಿಯಿಂದ ಗದರಿಸಿದ ವಕೀಲರ ಕಥೆಗೆ ಮಾಮ ಹೊಟ್ಟೆ ಹಿಡಿದುಕೊಂಡು ನಕ್ಕರು. ಇನ್ನೊಬ್ಬ ಕೋಟಿನವನು. ಕೊಳೆಯಿಲ್ಲದ ಅದೇ ಕೋಟನ್ನು ವಾರವಾರ ತಂದು, ಇಸ್ತ್ರಿ ಮಾಡುವ ಹುಡುಗಿಯನ್ನು ಕದ್ದು ನೋಡಿ, ತುಟಿ ಪಿಟಕ್ಕೆನ್ನದೆ ಹೋಗುವವನು.

"ಒಂದು ಮಾತಾಡೋಕೆ ಏನಂತೆ ಆ ಪುಣ್ಯಾತ್ಮನಿಗೆ?" ಎಂದು ಮಾಮ ಗೋಡೆಯ ಮೇಲೆ ರೇಗಿದರು. ತಾವೇ ಎಷ್ಟು ವರ್ಷದಿಂದ ಬಾಯಿಗೆ ಬೀಗ ಹಾಕಿಕೊಂಡಿದ್ದೇವೆಂಬುದು ಅವರಿಗೆ ಹೊಳೆಯಲಿಲ್ಲ.

ತಿಂಗಳು ಮುಗಿಯಿತು. ಆಕೆ ಆರಿಸಿದ ಚೀಟಿಗಳಲ್ಲಿ ಆಕೆಯದೇ ರಾಶಿಯವು ಎರಡೋ ಮೂರೋ. ಕಣ್ಣು ಮುಚ್ಚಿ ಎತ್ತಿದ್ದರೂ ಅಷ್ಟು ಸಿಗುತ್ತಿದ್ದವು.

"ಸೋತೆ ಕಣ್ರೀ. ನಾಳೆಯಿಂದ ಆ ಪುಟ ಮುಟ್ಟಲ್ಲ," ಎಂದು ಆಕೆ ನಗುತ್ತಲೇ ಒಪ್ಪಿಕೊಂಡಳು.

ಮರುದಿನ ಸಂಜೆ ಆಕೆ ಬಂದವಳೇ ನೇರ ಅಡುಗೆಮನೆಗೆ ಹೋದಳು. ಗೆದ್ದ ಮಾಮನಿಗೆ ಕೂತಲ್ಲಿ ಕೂರಲಾಗಲಿಲ್ಲ. ಎರಡು ಸಲ ಕಾರಣವಿಲ್ಲದೆ ನೀರು ಕುಡಿದು, ಕೊನೆಗೆ ಬಾಗಿಲಲ್ಲಿ ನಿಂತರು.

"ಒಂದು ತಿಂಗಳು ತೀರಾ ಕಮ್ಮಿ ಆಯ್ತು ಕಣೆ. ವೈಜ್ಞಾನಿಕವಾಗಿ ನೋಡಿದ್ರೆ ಇನ್ನೊಂದು ವರ್ಷನಾದ್ರೂ ಪರೀಕ್ಷೆ ಮಾಡ್ಬೇಕು."

"ಗೆದ್ದಿರೋದು ನೀವು. ಮತ್ಯಾಕ್ರೀ ಪರೀಕ್ಷೆ?"

ಮಾಮ ಸಿಕ್ಕಿಬಿದ್ದರು. "ನಿನ್ನ ಮಾತಿಲ್ಲದೆ ಮನೆ ಬಿಕೋ ಅನ್ನುತ್ತೆ."

ಆಕೆ ಸೌಟು ಕೆಳಗಿಟ್ಟಳು. "ನಾನ್ಯಾಕೆ ಅದನ್ನ ಓದ್ತಿದ್ದೆ ಗೊತ್ತಾ? ಈ ಮನೇಲಿ ನನ್ನ ದಿನದ ಬಗ್ಗೆ ಮಾತಾಡ್ತಿದ್ದಿದ್ದು ಅದೊಂದೇ."

ಮಾಮ ಸ್ಟೂಲು ಎಳೆದುಕೊಂಡು ಆಕೆಯ ಪಕ್ಕದಲ್ಲೇ ಕೂತರು.

"ಇವತ್ತು ಹೇಗಿತ್ತೇ ನಿನ್ನ ದಿನ?"

ಆಕೆ ಹೇಳತೊಡಗಿದಳು. ಒಲೆಯ ಮೇಲಿದ್ದದ್ದು ತಳ ಹಿಡಿದದ್ದು ಇಬ್ಬರಿಗೂ ಗೊತ್ತಾಗಲಿಲ್ಲ.