ಗೋಡೆಯೊಳಗಿನ ಕಪಾಟು

ಆ ಬೆಳಗ್ಗೆ ಗಾಳಿಗೆ ಒಂದು ದಿಕ್ಕು ಅಂತ ಇರಲಿಲ್ಲ. ಒಣಗಿದೆಲೆಗಳನ್ನು ತಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಸುರಿಯುವುದು, ಏನೋ ಮರೆತವರ ಹಾಗೆ ತಿರುಗಿ ಬಂದು ಅವನ್ನೇ ಎತ್ತಿಕೊಂಡು ಹೋಗುವುದು. ಮಳೆಯಿಲ್ಲ, ಮೋಡವಿಲ್ಲ, ಬರೀ ಗಾಳಿ. ಎಂಟೂಕಾಲಿಗೆ ಕರೆಂಟು ಮೂರು ಸಲ ಕಣ್ಣು ಮಿಟುಕಿಸಿತು. ಮೂರನೆಯ ಸಲಕ್ಕೆ ಹೊಸ ಕಟ್ಟಡದ ಸರ್ವರ್ ಕೋಣೆಯಲ್ಲಿ ಟಪ್ಪೆಂದು ಸದ್ದಾಗಿ, ಹನ್ನೊಂದು ವರ್ಷದಿಂದ ಗುಂಯ್‌ಗುಡುತ್ತಿದ್ದ ಪೆಟ್ಟಿಗೆಯೊಂದು ಮೌನವಾಯಿತು.

ರೇಡಿಯೇಷನ್ ವಿಭಾಗದ ಡಾಕ್ಟರು ತಾವೇ ಆ ಕೋಣೆಯ ಬಾಗಿಲಿಗೆ ಬಂದರು. "ಮಿಷನ್ ಯಾರ ಲೆಕ್ಕಾಚಾರವನ್ನೂ ತೋರಿಸ್ತಿಲ್ಲ ಕಣಯ್ಯ. ಯಾವ ಕೋನ, ಎಷ್ಟು ಹೊತ್ತು, ಒಂದೂ ಇಲ್ಲ. ಹೊರಗೆ ಹದಿನಾಲ್ಕು ಜನ ಕೂತಿದಾರೆ."

"ಬ್ಯಾಕಪ್ ಇದೆ ಸಾರ್. ಹೊಸ ಡಿಸ್ಕ್ ಹಾಕಿ ತರಿಸ್ಕೊಂಡ್ರಾಯ್ತು" ಎಂದ ತಂತ್ರಜ್ಞ. ಅವನ ಬಾಯಿ ಅಂದಷ್ಟು ಸಲೀಸಾಗಿ ಎದೆ ಅನ್ನಲಿಲ್ಲ. ಆ ಹದಿನಾಲ್ಕು ಜನರಲ್ಲಿ ಒಬ್ಬಳು ಅವನ ಅತ್ತಿಗೆ. ತಾಯಿ ತೀರಿದಾಗ ಏಳು ವರ್ಷದವನಾಗಿದ್ದ ಅವನಿಗೆ ತಲೆ ಬಾಚಿ, ಮಗ್ಗಿ ಕಲಿಸಿ, ಜ್ವರ ಬಂದಾಗ ಪಕ್ಕದಲ್ಲಿ ಎಚ್ಚರವಿದ್ದವಳು. ಇಪ್ಪತ್ತೈದು ಸಲ ಕಿರಣ ಕೊಡಬೇಕು, ಹದಿನೆಂಟಾಗಿತ್ತು. ನಡುವೆ ನಿಲ್ಲಿಸಿದರೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ ಎಂದು ಡಾಕ್ಟರು ಮೊದಲ ದಿನವೇ ಹೇಳಿದ್ದರು. ಹೊಸದಾಗಿ ಅಳತೆ ತೆಗೆದು ಲೆಕ್ಕ ಕಟ್ಟಲು ಎರಡು ವಾರ ಬೇಕು. ಗಡ್ಡೆಗೆ ಆ ತಾಳ್ಮೆ ಎಲ್ಲಿಯದು?

ಬ್ಯಾಕಪ್, ಅಂದರೆ ದಿನಾ ಸಂಜೆಯ ನಕಲು, ಇದ್ದದ್ದು ಹಳೆ ಕಟ್ಟಡದಲ್ಲಿ, ಬೇರೆಯೇ ನೆಟ್‌ವರ್ಕಿನಲ್ಲಿ. ಚಿಕಿತ್ಸೆಯ ಯಂತ್ರಗಳ ನೆಟ್‌ವರ್ಕಿಗೆ ಹೊರಗಿನ ಗಾಳಿ ಸೋಕಬಾರದೆಂದು ಎರಡನ್ನೂ ಬೇರೆ ಇಟ್ಟಿದ್ದರು. ಎರಡೂ ಕಟ್ಟಡ ಹಿಂಬದಿಯಲ್ಲಿ ಕೂಡುವ ಗೋಡೆಯೊಳಗೆ ಒಂದು ಕಪಾಟು, ಅದರಲ್ಲಿ ಗೇಟ್‌ವೇ ಎಂಬ ಒಂದೇ ಒಂದು ಪೆಟ್ಟಿಗೆ. ಈಚಿನ ತಂತಿ ಈಚೆಗೆ, ಆಚಿನ ತಂತಿ ಆಚೆಗೆ. ಕಪಾಟಿಗೂ ಎರಡು ಬಾಗಿಲು, ಎರಡು ಬೀಗ. ಈಚಿನವರು ಕೊಟ್ಟದ್ದನ್ನು ಪೆಟ್ಟಿಗೆ ಇಸಿದುಕೊಂಡು ಆಚೆಗೆ ದಾಟಿಸುತ್ತದೆ. ಹಿಂದಕ್ಕೆ ಬೇಕಾದರೆ ಆಚಿನವರು ಒಪ್ಪಿ ಬಿಡಬೇಕು. ಅದನ್ನು ಕಟ್ಟಿದ ಹಿರಿಯರು ನಿವೃತ್ತರಾಗುವಾಗ ಹೇಳಿದ್ದು ಒಂದೇ ಮಾತು: "ದೀಪ ನೋಡಿ ನಂಬಬೇಡಿ, ಬಾಯಿಬಿಟ್ಟು ಕೇಳಿ." ಹಾಗಾಗಿ ದಿನಾ ಸಂಜೆ ಈಚಿನವನಾದ ಇವನು ಫೋನು ಮಾಡಿ "ಹೊರಟಿದೆ" ಅನ್ನುತ್ತಿದ್ದ. ಹಳೆ ಕಟ್ಟಡದಲ್ಲಿ ಬ್ಯಾಕಪ್ ಕಾಯುವ ಆಚಿನವಳು ನೋಡಿಕೊಂಡು "ಬಂತು" ಅನ್ನುತ್ತಿದ್ದಳು. ಅವನು ಅವಳಿಗೆ ಹೊರಮನೆಯವರು, ಅವಳು ಅವನಿಗೆ ಒಳಮನೆಯವರು ಎಂದು ಹೆಸರಿಟ್ಟುಕೊಂಡು ನಗಾಡುತ್ತಿದ್ದರು.

ಆ ಫೋನು ನಿಂತು ಆರು ವಾರವಾಗಿತ್ತು. ಪೆಟ್ಟಿಗೆಯ ಫ್ಯಾನು ಬದಲಿಸಲು ಅವನು ಅವಳ ಬೀಗದ ಕೈ ಇಸಿದುಕೊಂಡಿದ್ದ. "ಸಂಜೆಗೆ ಕೊಟ್ಬಿಡಿ" ಅಂದಿದ್ದಳು. ಸಂಜೆ ಮೀಟಿಂಗಿನಲ್ಲಿ ಯಾರೋ ಎರಡು ಬೀಗದ ಕೈ ಯಾಕೆ ಬೇಕು ಎಂದು ಕೇಳಿದರು. ಇವನು ನಗಿಸುವ ಉಮೇದಿನಲ್ಲಿ, "ಹೊರಗಿನವರ ಹತ್ರ ಬೀಗದ ಕೈ ಇದ್ರೆ ಮಂಗನ ಕೈಗೆ ಮಾಣಿಕ್ಯ ಕೊಟ್ಟ ಹಾಗೆ ಬಿಡಿ" ಎಂದ. ಎಲ್ಲರೂ ನಕ್ಕರು. ಬಾಗಿಲಲ್ಲಿ ಅವಳು ನಿಂತಿದ್ದಳು. ಮಾರನೆ ದಿನದಿಂದ ಅವಳು ಫೋನು ಎತ್ತಲಿಲ್ಲ, ನಾಲ್ಕು ದಿನದ ಮೇಲೆ ಇವನೂ ಮಾಡಲಿಲ್ಲ. ಬೀಗದ ಕೈ ಅವನ ಗೊಂಚಲಲ್ಲೇ ಉಳಿಯಿತು. ಪರದೆಯ ಮೇಲೆ ದಿನಾ ಹಸಿರು ಬಣ್ಣ ಬರುತ್ತಿತ್ತು. ಅದಕ್ಕಿಂತ ಏನು ಬೇಕು?

ಈಗ ಅವನೇ ಆಚಿನವಳಿಗೆ ಫೋನು ಮಾಡಿದ.

"ಕೊನೇ ನಕಲು ಬಂದು ನಲವತ್ತೊಂದು ದಿನ ಆಯ್ತು" ಎಂದಳು ಅವಳು.

"ಅದೆಂಗೆ? ನನಗೆ ದಿನಾ ಹಸಿರು ತೋರಿಸ್ತಿದೆಯಲ್ಲ!"

"ನಿಮ್ಮ ಹಸಿರು ನಿಮ್ಮ ಹತ್ರ. ನಾನು ಎರಡು ಸಲ ಬರೆದು ಕಳಿಸಿದ್ದೆ. ಏನು ಉತ್ತರ ಕೊಟ್ರಿ, ನೆನಪಿದೆಯಾ?"

ನೆನಪಿತ್ತು. 'ನಮ್ಮ ಕಡೆ ಎಲ್ಲ ಸರಿಯಿದೆ, ನಿಮ್ಮ ಕಡೆ ನೋಡಿಕೊಳ್ಳಿ.' ಅವಳು ಕುಟುಕುತ್ತಿದ್ದಾಳೆಂದೇ ತಿಳಿದು ಬರೆದದ್ದು. ನೋಡಿಕೊಳ್ಳಲು ಅವಳ ಬಳಿ ಬೀಗದ ಕೈಯಾದರೂ ಎಲ್ಲಿತ್ತು? ಅತ್ತಿಗೆಯ ಲೆಕ್ಕ ಕಟ್ಟಿದ್ದು ಒಂದು ತಿಂಗಳ ಹಿಂದೆ. ನಲವತ್ತೊಂದು ದಿನದ ಹಿಂದಿನ ನಕಲಿನಲ್ಲಿ ಅವಳಿಗೆ ರೋಗವೇ ಇರಲಿಲ್ಲ.

ಹೊಸ ಡಿಸ್ಕನ್ನು ಜೋಡಿಸಿಟ್ಟು ಅವನು ಓಡಿದ. ಬೆಂಚಿನ ಮೇಲಿದ್ದ ಅತ್ತಿಗೆ ತೋಳು ಹಿಡಿದು ನಿಲ್ಲಿಸುವವಳಂತೆ ದನಿ ಎತ್ತಿದಳು. "ಏನೋ, ಬಾಲ ಸುಟ್ಟ ಬೆಕ್ಕಿನ ಹಾಗೆ ಓಡ್ತಿದೀಯ? ನಿಮ್ಮ ಯಂತ್ರಕ್ಕೂ ಮೈ ಹುಷಾರಿಲ್ವಾ?"

"ಸ್ವಲ್ಪ ತಡ ಆಗುತ್ತೆ ಅತ್ತಿಗೆ."

"ಆಗ್ಲಿ. ನನಗೇನು ಲಗ್ನ ಮೀರುತ್ತಾ?" ನಕ್ಕಳು. ಮಡಿಲಲ್ಲಿದ್ದ ಚೀಲದ ಹಿಡಿಯನ್ನು ಮಾತ್ರ ಬೆರಳು ಸುತ್ತುತ್ತಲೇ ಇತ್ತು.

ನಡುವಿನ ಅಂಗಳದಲ್ಲಿ ಗಾಳಿ ಕಣ್ಣಿಗೆ ಧೂಳು ಎರಚಿತು. ಹಳೆ ಕಟ್ಟಡದ ಕಡೆಯ ಕಪಾಟಿನ ಬಾಗಿಲ ಮುಂದೆ ಆಚಿನವಳು ಆಗಲೇ ನಿಂತಿದ್ದಳು, ಕೈಯಲ್ಲಿ ಬ್ಯಾಟರಿ. ಅವನು ಗೊಂಚಲಿನಲ್ಲಿ ಅವಳ ಬೀಗದ ಕೈಯನ್ನು ಹುಡುಕಿ ಬೀಗ ತೆಗೆದ. ಅವಳು ಬೆಳಕು ಬಿಟ್ಟಳು.

ಆಚಿನ ತಂತಿ ಕಿತ್ತುಬಂದು ಜೋತಾಡುತ್ತಿತ್ತು. ಫ್ಯಾನು ಕೂರಿಸುವಾಗ ಅವನದೇ ಮೊಣಕೈ ತಾಗಿರಬೇಕು. ಈಚೆಯಿಂದ ಕೊಟ್ಟದ್ದನ್ನೆಲ್ಲ ಪೆಟ್ಟಿಗೆ ನಿಷ್ಠೆಯಿಂದ ಇಸಿದುಕೊಂಡು ಅವನಿಗೆ ಹಸಿರು ತೋರಿಸಿತ್ತು, ಆಚೆಗೆ ದಾಟಿಸಲು ದಾರಿಯಿರಲಿಲ್ಲ.

ಅವನು ತಂತಿಯನ್ನು ಟಕ್ಕೆನ್ನುವ ತನಕ ಒತ್ತಿದ. ಸಾಸಿವೆಯಷ್ಟು ದೀಪ ಮಿಣುಕಿತು. ಅವಳು ತನ್ನ ಮೇಜಿಗೆ ಹೋಗಿ ಕೂತಳು. ಅವನು ಹಿಂದೆ ನಿಂತ, ಕೂತ, ಮತ್ತೆ ನಿಂತ.

"ಒಂದು ಕಡೆ ನಿಲ್ತೀರಾ? ನನಗೆ ತಲೆ ಸುತ್ತುತ್ತೆ" ಎಂದಳು ಪರದೆಯಿಂದ ಕಣ್ಣು ತೆಗೆಯದೆ. ಸ್ವಲ್ಪ ಹೊತ್ತಾದ ಮೇಲೆ, ಬೇರೆ ದನಿಯಲ್ಲಿ: "ಪೆಟ್ಟಿಗೆಯ ಡಿಸ್ಕ್ ಕಂಠಮಟ್ಟ ತುಂಬಿದೆ. ಇನ್ನೆರಡು ದಿನ ಕಳೆದಿದ್ರೆ ಹಳೇದನ್ನ ಅಳಿಸೋಕೆ ಶುರು ಮಾಡೋದು."

"ಅಂದ್ರೆ?"

"ಅಂದ್ರೆ ನಲವತ್ತೊಂದು ದಿನದ್ದೂ ಇಲ್ಲೇ ಕೂತಿದೆ. ನಿನ್ನೆ ಸಂಜೆದೂ ಇದೆ." ಅವಳ ಬೆರಳು ಗುಂಡಿಯ ಮೇಲೆ ನಿಂತಿತು. "ಬಿಡ್ಲಾ?"

ಕೇಳಿದ್ದು ಅವನನ್ನೇ. ಬಿಡಬೇಕಾದದ್ದು ಅವಳು, ಆದರೂ ಕೇಳಿದಳು. ಭಗವಂತ ಕೆಲವು ಸಲ ಬಾಯಿ ಕಟ್ಟಿ ಉಪಕಾರ ಮಾಡುತ್ತಾನೆ. ಇಲ್ಲದಿದ್ದರೆ ಆಗಲೂ ಅವನೇನಾದರೂ ತಮಾಷೆಯನ್ನೇ ಆಡುತ್ತಿದ್ದನೇನೋ. ತಲೆಯಾಡಿಸಿದ.

ಪೂರ್ತಿ ಬರಲು ಒಂದೂ ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟೂ ಹೊತ್ತು ಅವನು ಅಂಗಳ ದಾಟಿ ಹೋದ, ಬಂದ. ಗಾಳಿಯೂ ಅವನ ಜೊತೆ ಹೋಯಿತು, ಬಂತು. ಹನ್ನೊಂದು ಗಂಟೆ ಹೊತ್ತಿಗೆ ಡಾಕ್ಟರು ಪರದೆಯ ಮುಂದೆ ಬಗ್ಗಿ ಹಿಂದಿನ ದಿನದ ಕಾಗದದ ಜೊತೆ ಒಂದೊಂದು ಸಂಖ್ಯೆಯನ್ನೂ ತಾಳೆ ನೋಡಿದರು. ಕೊನೆಗೆ ಕನ್ನಡಕ ತೆಗೆದು ಒರೆಸಿಕೊಂಡು, "ಕರೀರಿ ಒಬ್ಬೊಬ್ಬರನ್ನಾಗಿ" ಎಂದರು.

ನಾಲ್ಕನೆಯವಳಾಗಿ ಅತ್ತಿಗೆ ಎದ್ದಳು. ಚೀಲ ಅವನ ಕೈಗಿತ್ತಳು. "ಹತ್ತೊಂಬತ್ತನೇದು" ಎಂದಳು. ಬಾಗಿಲ ಬಳಿ ತಿರುಗಿ ಅವನ ಮುಖವನ್ನು ಒಂದು ಗಳಿಗೆ ನೋಡಿದಳು. ಹಿಂದೆ ಗಾಜಿನ ಲೋಟ ಒಡೆದು ಬಚ್ಚಿಟ್ಟಾಗ ನೋಡುತ್ತಿದ್ದಳಲ್ಲ, ಹಾಗೆಯೇ. "ಯಾರ ಹತ್ರ ತಪ್ಪು ಮಾಡಿದೀಯೋ ಅಲ್ಲಿಗೆ ಹೋಗು. ನಾನೇನು ಒಳಗೆ ಕಳೆದುಹೋಗಲ್ಲ."

ಚೀಲ ಹಿಡಿದುಕೊಂಡೇ ಅವನು ಅಂಗಳ ದಾಟಿದ. ಆಚಿನವಳು ಮೇಜಿನಲ್ಲಿ ಏನೋ ಬರೆಯುತ್ತಿದ್ದಳು. ಅವಳ ಹಿಂದಿನ ಗೋಡೆಯಲ್ಲಿ ಒಂದು ಖಾಲಿ ಮೊಳೆ. ಅದರ ಕೆಳಗೆ ಸುಣ್ಣದ ಮೇಲೆ, ವರ್ಷಗಟ್ಟಲೆ ಏನೋ ತೂಗಿ ಉಜ್ಜಿದ ಬಿಲ್ಲಿನಂಥ ಕಪ್ಪು ಗೆರೆ. ಗೊಂಚಲಿನ ಉಂಗುರ ಬಿಗಿಯಾಗಿತ್ತು. ಉಗುರು ಸಿಕ್ಕಿಸಿ ಅಗಲಿಸಿ, ಬೀಗದ ಕೈಯನ್ನು ಸುತ್ತಿಸಿ ಸುತ್ತಿಸಿ ಬಿಡಿಸಲು ಅವನಿಗೆ ತುಸು ಹೊತ್ತು ಹಿಡಿಯಿತು. ಅವಳು ಬರೆಯುವುದನ್ನು ನಿಲ್ಲಿಸಿದ್ದಳು, ಆದರೆ ತಲೆ ಎತ್ತಲಿಲ್ಲ.

ಅವನು ಬೀಗದ ಕೈಯನ್ನು ಅವಳ ಪುಸ್ತಕದ ಪಕ್ಕದಲ್ಲಿ, ಸದ್ದಾಗದ ಹಾಗೆ ಇಟ್ಟ.